ಸರ್ವರ್ ಇಲ್ಲ ಅಂದರೆ ಯಾರು ಇಲ್ಲ?

ಹೋದ ತಿಂಗಳು ಒಂದು ದಿನ ಬೆಳಿಗ್ಗೆ ಏಳಕ್ಕೇ ನ್ಯಾಯಬೆಲೆ ಅಂಗಡಿ ಮುಂದೆ ಹೋಗಿ ನಿಂತಿದ್ದೆವು. ಸುದ್ದಿ ಮಾಡೋಕೆ ಅಲ್ಲ, ಮನೆ ಕಾರ್ಡಿನ ಅಕ್ಕಿ ತರೋಕೆ. ಸುದ್ದಿಗಿಷ್ಟು ಅಂತ ಸಿಗುವ ದುಡ್ಡಿನಲ್ಲಿ ಸೊಸೈಟಿ ಅಕ್ಕಿ ಬಿಡುವಷ್ಟು ಅನುಕೂಲಸ್ಥರು ನಮ್ಮಲ್ಲಿ ಯಾರೂ ಇಲ್ಲ. ನಮಗಿಂತ ಮುಂಚೆ ಬಂದವರು ಚೀಲ, ಕಲ್ಲು, ಚಪ್ಪಲಿ ಇಟ್ಟು ಸಾಲು ಹಿಡಿದಿದ್ದರು. ಒಂಬತ್ತಕ್ಕೆ ಬಾಗಿಲು ತೆಗೆದರು. ಒಂಬತ್ತೂಕಾಲಿಗೆ ಆ ದಿನದ ಮೊದಲ ‘ಸರ್ವರ್ ಇಲ್ಲ’ ಕೇಳಿಬಂತು.

ಅಂಗಡಿಯವರು ಮಿಷನ್ ಎತ್ತಿಕೊಂಡು ಜಗಲಿಗೆ ಬಂದರು. ಅಲ್ಲೂ ಆಗಲಿಲ್ಲ. ಪಕ್ಕದ ಮನೆಯ ಮಹಡಿ ಹತ್ತಿದರು. ಅವರ ಹಿಂದೆ ಸಾಲೂ ಮಹಡಿ ಹತ್ತಿತು. ಮಂಡಿ ನೋವಿನವರು ಕೆಳಗೇ ಉಳಿದರು. ಅವರಲ್ಲಿ ಒಬ್ಬ ಅಜ್ಜಿ, ಆವತ್ತಿಗೆ ಮೂರನೇ ದಿನ ಬಂದವರು. ಮೇಲಿಂದ ಅಂಗಡಿಯವರು ಕೂಗಿದರು: “ಸರ್ವರ್ ಇಲ್ಲ ಕಣಜ್ಜಿ, ನಾಳೆ ಬಾ.”

ಅಜ್ಜಿ ಕೇಳಿದರು: “ಅವ್ನು ದಿನಾ ಎಲ್ಲಿಗೋಯ್ತಾನಪ್ಪ? ಕೂಲಿ ಬಿಟ್ಟು ಬಂದಿವ್ನಿ. ಯಾವೂರೋನು ಅವ್ನು?”

ಸಾಲಿನಲ್ಲಿದ್ದವರೆಲ್ಲ ನಕ್ಕರು, ನಾವೂ ನಕ್ಕೆವು. ಖಾಲಿ ಚೀಲ ಮಡಿಚಿಕೊಂಡು ವಾಪಸ್ ಬರುವಾಗ ನಗು ನಿಂತಿತ್ತು. ಅಜ್ಜಿ ಕೇಳಿದ್ದು ಸರಿಯಾದ ಪ್ರಶ್ನೆ. ಇಷ್ಟು ವರ್ಷದಲ್ಲಿ ಮೈಕು ಹಿಡಿದು ಓಡಾಡಿದ ನಾವು ಅದನ್ನು ಯಾವ ಅಧಿಕಾರಿಗೂ ನೆಟ್ಟಗೆ ಕೇಳಿರಲಿಲ್ಲ.

ಆ ಅಂಗಡಿ ಯಾವುದು, ಊರು ಯಾವುದು ಅಂತ ಇಲ್ಲಿ ಬರೆಯುವುದಿಲ್ಲ. ಬರೆದರೆ ನೋಟಿಸು ಬರುವುದು ಮಿಷನ್ ಹೊತ್ತು ಮಹಡಿ ಹತ್ತಿದ ಅಂಗಡಿಯವರಿಗೆ. ತಪ್ಪು ಅವರದಲ್ಲ.

ಆಮೇಲೆ ನಾವು ಒಂದು ವಾರ ಅದರ ಹಿಂದೆ ಬಿದ್ದೆವು. ತಾಲ್ಲೂಕು ಕಚೇರಿಯಲ್ಲಿ ಕೇಳಿದರೆ, “ಮೇಲಿಂದಾನೇ ಪ್ರಾಬ್ಲಂ.” ಮಿಷನ್ ರಿಪೇರಿಯವರಿಗೆ ಫೋನ್ ಮಾಡಿದರೆ, “ಮಿಷನ್ ಸರಿಯಾಗಿದೆ, ನೆಟ್‌ವರ್ಕ್ ನೋಡ್ಕೊಳ್ಳಿ ಸಾರ್.” ಸಿಮ್ಮಿನವರನ್ನು ಕೇಳಿದರೆ, “ಟವರ್ ಚಾಲೂ ಇದೆ.” ಆವತ್ತು ನಿಜವಾಗಿ ಕೈಕೊಟ್ಟದ್ದು ಯಾವುದು ಅಂತ ಇವತ್ತಿಗೂ ಯಾರಿಗೂ ಗೊತ್ತಿಲ್ಲ. ನಮಗೆ ಸಿಟ್ಟು ಬಂದದ್ದು ಅಲ್ಲಿ. ಕೆಟ್ಟದ್ದಕ್ಕಲ್ಲ, ಕೆಟ್ಟದ್ದು ಏನು ಅಂತ ಹೇಳೋಕೂ ಒಬ್ಬರು ಇಲ್ಲದ್ದಕ್ಕೆ.

ಸ್ವಲ್ಪ ಬಿಡಿಸಿ ನೋಡೋಣ. ನೀವು ಹೆಬ್ಬೆಟ್ಟು ಇಟ್ಟಾಗ ಏನೇನು ಕೆಲಸ ಮಾಡಬೇಕು? ಬೆರಳು ಓದುವ ಗಾಜು ಸರಿಯಿರಬೇಕು. ಅದು ಕೂತಿರುವ ಮಿಷನ್ನಿನ ಬ್ಯಾಟರಿ, ಅದರೊಳಗಿನ ಸಾಫ್ಟ್‌ವೇರ್ ಸರಿಯಿರಬೇಕು. ಸಿಮ್ ಬೇಕು, ಸಿಮ್ಮಿಗೆ ಟವರ್ ಬೇಕು, ಟವರಿಗೆ ಕರೆಂಟು ಬೇಕು. ಅಲ್ಲಿಂದ ಆಹಾರ ಇಲಾಖೆಯ ಕಂಪ್ಯೂಟರಿಗೆ, ಅಲ್ಲಿಂದ ಆಧಾರ್ ಪ್ರಾಧಿಕಾರದ ಕಂಪ್ಯೂಟರಿಗೆ ಹೋಗಿ, ‘ಹೌದು, ಈ ಬೆರಳು ಇವರದೇ’ ಅನ್ನುವ ಉತ್ತರ ಬಂದ ದಾರಿಯಲ್ಲೇ ವಾಪಸ್ ಬರಬೇಕು. ಇದರಲ್ಲಿ ಹೆಚ್ಚಿನವು ಸಿದ್ಧ ವಸ್ತುಗಳು. ಗಾಜು ಒಬ್ಬರದು, ಮಿಷನ್ ಇನ್ನೊಬ್ಬರದು, ಸಿಮ್ ಮತ್ತೊಬ್ಬರದು. ನಮ್ಮ ಊರಿಗಾಗಿ, ಅಕ್ಕಿಗಾಗಿ ಅಂತ ಮೊದಲಿಂದ ಮಾಡಿದ್ದು ಅದರಲ್ಲಿ ಕಡಿಮೆ. ಮಾರ್ಕೆಟ್ಟಿನಲ್ಲಿ ಸಿಕ್ಕಿದ್ದನ್ನು ತಂದು ಜೋಡಿಸಿದ್ದಾರೆ.

ಜೋಡಿಸಿದ್ದು ತಪ್ಪು ಅಂತ ನಾವು ಹೇಳುತ್ತಿಲ್ಲ. ಇವತ್ತು ಯಾರೂ ಎಲ್ಲವನ್ನೂ ತಾವೇ ಮಾಡುವುದಿಲ್ಲ, ಮಾಡಿದರೆ ಖರ್ಚೂ ತಡೆಯುವುದಿಲ್ಲ. ಆದರೆ ಜೋಡಿಸಿದಾಗ ಒಂದು ಲೆಕ್ಕ ಹುಟ್ಟುತ್ತದೆ. ಆರು ಕೊಂಡಿ ಇವೆ ಅಂತಿಟ್ಟುಕೊಳ್ಳಿ. ಒಂದೊಂದೂ ನೂರಕ್ಕೆ 98 ಸಲ ಸರಿಯಾಗಿ ಕೆಲಸ ಮಾಡುತ್ತದೆ ಅನ್ನೋಣ. ಕೇಳೋಕೆ ಚೆನ್ನಾಗಿದೆ, ಪರೀಕ್ಷೆಯಲ್ಲಿ 98 ಬಂದ ಹಾಗೆ. ಆರೂ ಒಟ್ಟಿಗೆ ಸರಿಯಿರುವುದು ನೂರಕ್ಕೆ 89 ಸಲ ಮಾತ್ರ. 98ನ್ನು ಆರು ಸಲ ಗುಣಿಸಿ ನೋಡಿ, ಫೋನಿನಲ್ಲೇ ಕ್ಯಾಲ್ಕುಲೇಟರ್ ಇದೆ. 300 ಕಾರ್ಡಿನ ಅಂಗಡಿಯಲ್ಲಿ ಮೂವತ್ತಕ್ಕೂ ಹೆಚ್ಚು ಮನೆಯವರು ಬರಿಗೈಲಿ ಹೋಗುತ್ತಾರೆ. ಆರು ಜನ ಸರಬರಾಜುದಾರರೂ ‘ನಮ್ಮ ಮಾಲು ನೂರಕ್ಕೆ 98’ ಅಂತ ಕಾಗದ ತೋರಿಸುತ್ತಾರೆ. ಯಾರೂ ಸುಳ್ಳು ಹೇಳಿಲ್ಲ. ಮೂವತ್ತು ಮನೆಯಲ್ಲಿ ಮಾತ್ರ ಅಕ್ಕಿ ಇಲ್ಲ.

ಇದು ಇಂಜಿನಿಯರುಗಳಿಗೆ ಗೊತ್ತಿಲ್ಲದ ವಿದ್ಯೆಯಲ್ಲ. ನಮ್ಮ ಬಯಲುಸೀಮೆ ರೈತರಿಗೂ ಗೊತ್ತು.

ಬೋರ್‌ವೆಲ್ ಹಾಕಿಸಿದವರನ್ನು ಕೇಳಿ. ಮೋಟರ್ ಒಂದು ಕಂಪನಿದು, ಕೇಬಲ್ ಇನ್ನೊಂದರದು, ಪೈಪು ಮತ್ತೊಂದು ಅಂಗಡಿದು, ಕರೆಂಟು ಸರ್ಕಾರದ್ದು. ಎಲ್ಲಾ ರೆಡಿಮೇಡ್. ಮೋಟರ್ ಮಾಡಿದವನಿಗೆ ನಿಮ್ಮ ಬೋರಿನಲ್ಲಿ ಬೇಸಿಗೆಗೆ ನೀರು ಎಷ್ಟಕ್ಕೆ ಇಳಿಯುತ್ತದೆ ಅಂತ ಗೊತ್ತಿಲ್ಲ. ನಿಮ್ಮ ಫೀಡರಿನಲ್ಲಿ ರಾತ್ರಿ ಎರಡಕ್ಕೆ ಒಂದು ಫೇಸ್ ಹಾರಿಹೋಗುತ್ತದೆ ಅಂತಲೂ ಗೊತ್ತಿಲ್ಲ. ಅದಕ್ಕೇ ನಡುವೆ ಸ್ಟಾರ್ಟರ್ ಡಬ್ಬಿ ಕೂರಿಸುತ್ತೀರಿ. ಒಂದು ಫೇಸ್ ಹೋದರೆ ಪ್ರಿವೆಂಟರ್ ಮೋಟರ್ ನಿಲ್ಲಿಸುತ್ತದೆ. ಲೋಡು ಜಾಸ್ತಿಯಾದರೆ ರಿಲೇ ಟ್ರಿಪ್ ಆಗುತ್ತದೆ. ನೀರು ಬತ್ತಿದರೆ ಡ್ರೈ ರನ್ ತಡೆಯುವುದು ಬೇರೆ ಇದೆ. ಡಬ್ಬಿ ಇಲ್ಲದೆ ಕರೆಂಟು ನೇರ ಕೊಟ್ಟು ಮೋಟರ್ ಸುಟ್ಟುಕೊಂಡವನು ‘ಕರೆಂಟಿಲ್ಲ, ನಾಳೆ ಬಾ’ ಅಂತ ತೋಟಕ್ಕೆ ಹೇಳೋಕಾಗುತ್ತದಾ? ಊರಿನವರು ಅವನನ್ನೇ ಬೈಯುತ್ತಾರೆ. ಮೋಟರ್ ಕಂಪನಿಯನ್ನಲ್ಲ, ವಿದ್ಯುತ್ ಕಂಪನಿಯನ್ನಲ್ಲ, ಜೋಡಿಸಿದವನನ್ನು.

ಸಾಫ್ಟ್‌ವೇರಿನವರಲ್ಲೂ ಇಂಥ ಡಬ್ಬಿ ಇದೆ. ತಂದ ಭಾಗದ ಸುತ್ತ ತಾವೇ ಬರೆದ ಸಣ್ಣ ಕಾವಲು. ಒಳಗೆ ಹೋಗುವುದನ್ನು ಪರೀಕ್ಷಿಸುತ್ತದೆ, ಹೊರಗೆ ಬರುವುದನ್ನು ನಂಬುವ ಮೊದಲು ಪರೀಕ್ಷಿಸುತ್ತದೆ, ಇಷ್ಟು ಸೆಕೆಂಡಿನಲ್ಲಿ ಉತ್ತರ ಬರದಿದ್ದರೆ ಕಾಯುವುದನ್ನು ಬಿಟ್ಟು ಬೇರೆ ದಾರಿ ಹಿಡಿಯುತ್ತದೆ. ಅವರ ಭಾಷೆಯಲ್ಲಿ ರ‍್ಯಾಪರ್ ಅನ್ನುತ್ತಾರೆ. ನಾವು ಸ್ಟಾರ್ಟರ್ ಡಬ್ಬಿ ಅನ್ನೋಣ.

ಡಬ್ಬಿ ಇಡದೆ ಹೋದರೆ ಏನಾಗುತ್ತದೆ ಅನ್ನುವುದಕ್ಕೆ ನಮ್ಮ ಹಳ್ಳಿಯಿಂದ ಬಹಳ ದೂರದ ಒಂದು ಕತೆ ಹೇಳಬೇಕು. ಬಡವರ ಅಕ್ಕಿ ಮಿಷನ್ನಿಗೆ ಮಾತ್ರ ಹೀಗಾಗುತ್ತದೆ ಅಂತ ಯಾರೂ ತಿಳಿಯಬಾರದು.

1996ರ ಜೂನ್ 4. ದಕ್ಷಿಣ ಅಮೆರಿಕದ ಫ್ರೆಂಚ್ ಗಯಾನಾದಲ್ಲಿ ಕೂರು ಅನ್ನುವ ಜಾಗ. ಯುರೋಪಿನವರು ಏರಿಯಾನ್ 5 ಅನ್ನುವ ಹೊಸ ರಾಕೆಟ್ಟನ್ನು ಮೊದಲ ಸಲ ಹಾರಿಸಿದರು. ಅದರ ಮೇಲೆ ನಾಲ್ಕು ವಿಜ್ಞಾನ ಉಪಗ್ರಹ ಇದ್ದವು. ಹೊತ್ತಿಸಿ ಸುಮಾರು 40 ಸೆಕೆಂಡು, ಸುಮಾರು 3,700 ಮೀಟರ್ ಎತ್ತರ. ರಾಕೆಟ್ಟು ಒಮ್ಮೆಲೇ ದಾರಿ ತಪ್ಪಿ, ಒಡೆದು ಚೂರಾಯಿತು.

ಕಾರಣ ಒಂದು ಹಳೆಯ ಭಾಗ. ರಾಕೆಟ್ಟು ಎತ್ತ ವಾಲಿದೆ, ಎಷ್ಟು ವೇಗ ಅಂತ ಹೇಳುವ ಪೆಟ್ಟಿಗೆಯ ಸಾಫ್ಟ್‌ವೇರನ್ನು ಹಳೆಯ ಏರಿಯಾನ್ 4ರಿಂದ ತಂದಿದ್ದರು. ಹಳೆಯದರಲ್ಲಿ ಚೆನ್ನಾಗಿ ಓಡಿತ್ತು, ಇದರಲ್ಲೂ ಓಡುತ್ತದೆ ಅಂತ. ಆದರೆ ಹೊಸ ರಾಕೆಟ್ಟು ಅಡ್ಡಕ್ಕೆ ಬಹಳ ಬೇಗ ವೇಗ ಹಿಡಿಯಿತು. ಆ ವೇಗಕ್ಕೆ ಸಂಬಂಧಿಸಿದ ಒಂದು ಸಂಖ್ಯೆಯನ್ನು 32,767ಕ್ಕಿಂತ ಹೆಚ್ಚು ಹಿಡಿಸದ ಜಾಗಕ್ಕೆ ತುಂಬೋಕೆ ಹೋಯಿತು. ಪಾವಿಗೆ ಪಲ್ಲ ಸುರಿದ ಹಾಗೆ. ಪೆಟ್ಟಿಗೆ ಕೈಚೆಲ್ಲಿ ಕೂತಿತು. ಇನ್ನೂ ಬೇಸರದ ಸಂಗತಿ ಅಂದರೆ, ಆ ಲೆಕ್ಕ ರಾಕೆಟ್ಟು ನೆಲ ಬಿಟ್ಟ ಮೇಲೆ ಏರಿಯಾನ್ 5ಕ್ಕೆ ಬೇಕೇ ಇರಲಿಲ್ಲ. ಹಳೆಯದರಿಂದ ಬಂದದ್ದು ಅಂತ ಸುಮ್ಮನೆ ಓಡುತ್ತಿತ್ತು.

ಒಂದು ಕೆಟ್ಟರೆ ಇನ್ನೊಂದಿರಲಿ ಅಂತ ಎರಡು ಪೆಟ್ಟಿಗೆ ಇಟ್ಟಿದ್ದರಲ್ಲ? ಇಟ್ಟಿದ್ದರು. ಎರಡರಲ್ಲೂ ಅದೇ ಸಾಫ್ಟ್‌ವೇರ್. ಕಾಯ್ದಿಟ್ಟದ್ದು ಮೊದಲು ಕೆಟ್ಟಿತು, ಒಂದು ಸೆಕೆಂಡು ತುಂಬುವುದರೊಳಗೆ ಕೆಲಸ ಮಾಡುತ್ತಿದ್ದುದೂ ಅದೇ ಕಾರಣಕ್ಕೆ ಕೆಟ್ಟಿತು. ಒಂದೇ ಟಿಸಿಯ ಮೇಲೆ ಎರಡು ಮೋಟರ್ ಇಟ್ಟು, ‘ನನಗೆ ಎರಡು ಮೋಟರ್ ಇದೆ’ ಅಂದ ಹಾಗೆ. ಟಿಸಿ ಸುಟ್ಟ ದಿನ ಎರಡೂ ಕಬ್ಬಿಣ.

ಅಷ್ಟೇ ಅಲ್ಲ. ಕೆಟ್ಟ ಪೆಟ್ಟಿಗೆ ‘ನಾನು ಕೆಟ್ಟಿದ್ದೇನೆ’ ಅಂತ ಕಳಿಸಿದ ಸಂಕೇತವನ್ನು ರಾಕೆಟ್ಟಿನ ಮುಖ್ಯ ಕಂಪ್ಯೂಟರು ನಿಜವಾದ ದಿಕ್ಕು ಅಂತ ನಂಬಿ ನಳಿಕೆಗಳನ್ನು ತಿರುಗಿಸಿತು. ಬಂದ ಮಾಹಿತಿ ಸಾಧ್ಯವಾ ಅಂತ ಕೇಳುವ ಕಾವಲು ನಡುವೆ ಇರಲಿಲ್ಲ. ಫ್ರಾನ್ಸಿನ ಗಣಿತಜ್ಞ ಝಾಕ್-ಲೂಯಿ ಲಿಯಾನ್ಸ್ ಅವರ ಸಮಿತಿ ತನಿಖೆ ಮಾಡಿತು. ಹೀಗೆ ಉಕ್ಕಬಹುದಾದ ಏಳು ಸಂಖ್ಯೆಗಳಲ್ಲಿ ನಾಲ್ಕಕ್ಕೆ ರಕ್ಷಣೆ ಹಾಕಿ, ಮೂರನ್ನು ಬಿಟ್ಟಿದ್ದರು ಅಂತ ವರದಿಯಲ್ಲಿದೆ. ಬಿಟ್ಟ ಮೂರರಲ್ಲೇ ಒಂದು ಕೈಕೊಟ್ಟಿತು. ಹೊಸ ರಾಕೆಟ್ಟಿನ ದಾರಿಯ ಅಂಕಿಗಳನ್ನು ಕೊಟ್ಟು ಆ ಪೆಟ್ಟಿಗೆಯನ್ನು ಮೊದಲೇ ಪರೀಕ್ಷಿಸಿದ್ದರೆ ನೆಲದ ಮೇಲೇ ಗೊತ್ತಾಗುತ್ತಿತ್ತು.

ನಮ್ಮ ಮಾತು ಇಲ್ಲೇ ಇದೆ. ಒಂದು ಜಾಗದಲ್ಲಿ ಚೆನ್ನಾಗಿ ಓಡಿದ ಭಾಗ ಇನ್ನೊಂದು ಜಾಗದಲ್ಲಿ ಓಡುತ್ತದೆ ಅಂತ ಯಾರೂ ಗ್ಯಾರಂಟಿ ಕೊಡಲಾರರು. ಎಸಿ ರೂಮಿನ ನೌಕರರ ಮೆತ್ತನೆ ಬೆರಳು ಓದಿದ ಗಾಜು, ಕಳೆ ಕಿತ್ತು, ಇಟ್ಟಿಗೆ ಹೊತ್ತು, ಪಾತ್ರೆ ತಿಕ್ಕಿ ಗೆರೆ ಸವೆದ ಬೆರಳನ್ನು ಓದುತ್ತದಾ? ಊರೊಳಗೆ ಒಂದೇ ಗೆರೆ ಸಿಗ್ನಲ್ ಇರುವಾಗ ಆ ಮಿಷನ್ ಏನು ಮಾಡುತ್ತದೆ? ಇದನ್ನು ನಮ್ಮ ಜಗಲಿ ಮೇಲೆ ಪರೀಕ್ಷಿಸಬೇಕು. ತಂದು ಜೋಡಿಸಿದವರೇ ಪರೀಕ್ಷಿಸಬೇಕು.

ಇನ್ನೊಂದು ಘಟನೆ ನಿಮಗೆ ನೆನಪಿರಬಹುದು, ಹಳೆಯದಲ್ಲ. 2024ರ ಜುಲೈ 19, ಶುಕ್ರವಾರ. ಏರಿಯಾನ್ ತನಿಖೆಯ ವರದಿ ಬಂದದ್ದೂ 1996ರ ಜುಲೈ 19ಕ್ಕೇ, ಕಾಕತಾಳೀಯ. ನಮ್ಮ ಗಡಿಯಾರದಲ್ಲಿ ಬೆಳಿಗ್ಗೆ 9.39ಕ್ಕೆ ಕ್ರೌಡ್‌ಸ್ಟ್ರೈಕ್ ಅನ್ನುವ ಅಮೆರಿಕದ ಕಂಪನಿ, ಕಂಪ್ಯೂಟರಿಗೆ ಕಳ್ಳರು ನುಗ್ಗದಂತೆ ಕಾಯುವ ತನ್ನ ಸಾಫ್ಟ್‌ವೇರಿಗೆ ಒಂದು ಸಣ್ಣ ಅಪ್‌ಡೇಟ್ ಕಳಿಸಿತು. ಆ ಸಾಫ್ಟ್‌ವೇರ್ 21ನೇ ಜಾಗದಲ್ಲಿ ಒಂದು ಮಾಹಿತಿ ಹುಡುಕಿತು, ಕೊಟ್ಟಿದ್ದು 20 ಮಾತ್ರ. ಇಲ್ಲದ ಜಾಗಕ್ಕೆ ಕೈ ಹಾಕಿ, ತಾನೂ ಬಿದ್ದು ವಿಂಡೋಸನ್ನೂ ಬೀಳಿಸಿತು. 78 ನಿಮಿಷದಲ್ಲಿ ಕಂಪನಿ ತಪ್ಪನ್ನು ವಾಪಸ್ ತೆಗೆದುಕೊಂಡಿತು. ಅಷ್ಟರಲ್ಲಿ ಮೈಕ್ರೋಸಾಫ್ಟ್ ಲೆಕ್ಕದಂತೆ 85 ಲಕ್ಷ ಕಂಪ್ಯೂಟರುಗಳು ನೀಲಿ ಪರದೆ ತೋರಿಸಿ ನಿಂತಿದ್ದವು. ಆಸ್ಪತ್ರೆ, ಬ್ಯಾಂಕು, ವಿಮಾನ ನಿಲ್ದಾಣ. ಒಂದೊಂದು ಕಂಪ್ಯೂಟರಿನ ಮುಂದೆ ಒಬ್ಬೊಬ್ಬರು ಕೂತು ಕೈಯಾರೆ ಸರಿಮಾಡಬೇಕಾಯಿತು. ಕಾಯೋಕೆ ಇಟ್ಟ ನಾಯಿಯೇ ಬಾಗಿಲಿಗೆ ಅಡ್ಡ ಬಿದ್ದು ಸತ್ತಂತಾಯಿತು.

ಆ ಅಪ್‌ಡೇಟನ್ನು ಎಲ್ಲರಿಗೂ ಒಂದೇ ಸಲ ಕಳಿಸಿದ್ದೇ ದೊಡ್ಡ ತಪ್ಪು. ಹೊಸ ಗೊಬ್ಬರವನ್ನು ಇಡೀ ಹೊಲಕ್ಕೆ ಚೆಲ್ಲುವ ಮೊದಲು ಒಂದು ಮಡಿಗೆ ಹಾಕಿ ನೋಡುತ್ತೀರಲ್ಲ, ಅಷ್ಟು ಸಾಕಿತ್ತು. ಆಮೇಲೆ ಕಂಪನಿಯೇ ಇನ್ನು ಮುಂದೆ ಹಂತ ಹಂತವಾಗಿ ಕಳಿಸುತ್ತೇವೆ ಅಂತ ಹೇಳಿತು.

ಆವತ್ತು ನಮ್ಮ ದೇಶದ ವಿಮಾನ ನಿಲ್ದಾಣಗಳಲ್ಲಿ ಏನಾಯಿತು ಗೊತ್ತಾ? ಕೆಲವು ಕಡೆ ಪ್ರಯಾಣಿಕರಿಗೆ ಪೆನ್ನಿನಲ್ಲಿ ಬೋರ್ಡಿಂಗ್ ಪಾಸ್ ಬರೆದುಕೊಟ್ಟರು. ಹೆಸರು, ವಿಮಾನ, ಸೀಟು, ಎಲ್ಲಾ ಕೈಬರಹ. ಆ ಚೀಟಿಯ ಫೋಟೋ ಎಲ್ಲರ ಫೋನಿಗೂ ಬಂತು, ನಮಗೂ ಬಂತು. ವಿಮಾನ ತಡವಾಯಿತು, ಕೆಲವು ರದ್ದೂ ಆದವು. ಆದರೆ ಟಿಕೆಟ್ ಇದ್ದವರಿಗೆ ‘ಸರ್ವರ್ ಇಲ್ಲ, ನಾಳೆ ಬಾ’ ಅಂತ ಹೇಳಿ ಕಳಿಸುವ ಬದಲು ಪೆನ್ನು ಕಾಗದ ತೆಗೆದರು. ಜಗತ್ತಿನಲ್ಲೇ ಕಳ್ಳಸಾಗಣೆ, ಬಾಂಬು, ಭಯ ಅಂತ ಅತಿ ಹೆಚ್ಚು ತಪಾಸಣೆ ನಡೆಯುವ ಜಾಗದಲ್ಲಿ ಒಂದು ಕೈಬರಹದ ಚೀಟಿ ನಡೆಯುತ್ತದೆ. ನಮ್ಮ ಅಜ್ಜಿಯ ಅಕ್ಕಿಗೆ ಯಾಕೆ ನಡೆಯುವುದಿಲ್ಲ? ಕೋಪದಿಂದಲೇ ಕೇಳುತ್ತಿದ್ದೇವೆ, ಉತ್ತರ ಬೇಕು.

ಊರ ಬಸ್ಸನ್ನೇ ನೋಡಿ. ಕಂಡಕ್ಟರ್ ಕೈಲಿರುವ ಟಿಕೆಟ್ ಮಿಷನ್ ಘಾಟಿಯಲ್ಲಿ, ಕಾಡಿನಲ್ಲಿ, ಸಿಗ್ನಲ್ ಸತ್ತ ಕಡೆಯಲ್ಲೂ ಟಿಕೆಟ್ ಕೊಡುತ್ತದೆ. ದರದ ಪಟ್ಟಿ ಮಿಷನ್ನಿನೊಳಗೇ ಇರುತ್ತದೆ. ಡಿಪೋಗೆ ಹೋದ ಮೇಲೆ ಲೆಕ್ಕ ಒಪ್ಪಿಸುತ್ತಾರೆ. ‘ಸರ್ವರ್ ಇಲ್ಲ, ಬಸ್ಸಿಳಿ’ ಅಂದ ಕಂಡಕ್ಟರನ್ನು ನಾವು ಕಂಡಿಲ್ಲ. ಹಾಗಿದ್ದ ಮೇಲೆ ಅಂಗಡಿಯ ಮುನ್ನೂರು ಕಾರ್ಡಿನ ಪಟ್ಟಿಯನ್ನು ಅಕ್ಕಿ ಮಿಷನ್ನಿನೊಳಗೆ ತಿಂಗಳ ಮೊದಲೇ ಇಟ್ಟು, ಲೈನ್ ಹೋದಾಗ ಗುರುತು ಹಾಕಿಕೊಂಡು, ಬಂದಾಗ ಮೇಲಕ್ಕೆ ಕಳಿಸೋಕೆ ಏನು ಕಷ್ಟ? ತಾಂತ್ರಿಕ ಕಷ್ಟ ಏನಿಲ್ಲ. ಹಾಗೆ ಮಾಡಬೇಕು ಅಂತ ಕೇಳಿದವರಿಲ್ಲ, ಅಷ್ಟೆ.

ಕೆಟ್ಟಾಗ ಯಾವ ಕಡೆಗೆ ಬೀಳಬೇಕು ಅನ್ನುವುದೂ ಮೊದಲೇ ತೀರ್ಮಾನ ಆಗಬೇಕು. ರೈಲ್ವೆಯಲ್ಲಿ ಸಿಗ್ನಲ್ ವ್ಯವಸ್ಥೆ ಕೆಟ್ಟರೆ ದೀಪ ಕೆಂಪಾಗುವಂತೆ ಕಟ್ಟಿರುತ್ತಾರೆ. ರೈಲು ನಿಂತರೆ ತಡವಾಗುತ್ತದೆ, ಜೀವ ಹೋಗುವುದಿಲ್ಲ. ಅಲ್ಲಿ ನಿಲ್ಲಿಸುವುದೇ ಸುರಕ್ಷಿತ. ಅಕ್ಕಿ ಮಿಷನ್ ಮಾಡಿದವರೂ ಅದನ್ನೇ ಎತ್ತಿ ಇಲ್ಲಿಗೆ ಅಂಟಿಸಿದ್ದಾರೆ: ಅನುಮಾನ ಬಂದರೆ ನಿಲ್ಲಿಸು. ಇಲ್ಲಿ ನಿಂತರೆ ಒಲೆ ಹಚ್ಚುವುದಿಲ್ಲ. ಇಲಾಖೆಯ ಲೆಕ್ಕಕ್ಕೆ ಸುರಕ್ಷಿತ ಅನ್ನಿಸಿದ್ದು ಅಡುಗೆಮನೆಗೆ ಅಪಾಯ. ಕೆಟ್ಟಾಗ ಕೊಟ್ಟುಬಿಡು, ಆಮೇಲೆ ಪರಿಶೀಲಿಸು ಅಂತ ಕಟ್ಟಬೇಕಿತ್ತು.

ಇದು ನಮ್ಮ ಸ್ವಂತ ಆಸೆಯೂ ಅಲ್ಲ, ಕಾಗದದ ಮೇಲೆ ಈಗಾಗಲೇ ಇದೆ. 2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆಯ 8ನೇ ಕಲಂ ಪ್ರಕಾರ, ಹಕ್ಕಿನ ಧಾನ್ಯ ಕೊಡದೆ ಹೋದರೆ ಆ ಕುಟುಂಬಕ್ಕೆ ರಾಜ್ಯ ಸರ್ಕಾರ ಆಹಾರ ಭದ್ರತಾ ಭತ್ಯೆ ಕೊಡಬೇಕು. 2017ರ ಅಕ್ಟೋಬರ್ 24ರಂದು ಆಧಾರ್ ಪ್ರಾಧಿಕಾರವೇ ಸುತ್ತೋಲೆ ಹೊರಡಿಸಿತು. ಬೆರಳು ಹತ್ತದಿದ್ದರೆ ಕಣ್ಣಿನ ಪಾಪೆ ಅಥವಾ ಮೊಬೈಲಿನ ಒಟಿಪಿ ನೋಡಿ, ಅದೂ ಆಗದಿದ್ದರೆ ಕಾರ್ಡು ನೋಡಿ ಕೊಟ್ಟು ಪುಸ್ತಕದಲ್ಲಿ ಬರೆದಿಡಿ ಅನ್ನುವುದು ಅದರ ಸಾರ. ಅಂದರೆ ಸ್ಟಾರ್ಟರ್ ಡಬ್ಬಿಯ ನಕ್ಷೆ ಅವರ ಹತ್ತಿರವೇ ಇತ್ತು. ನೀವು ನಿಮ್ಮ ಅಂಗಡಿಯಲ್ಲಿ ಆ ಪುಸ್ತಕ ನೋಡಿದ್ದೀರಾ? ನಾವು ಆವತ್ತು ಕೇಳಿದೆವು. ಅಂಗಡಿಯವರು ನಮ್ಮ ಮುಖ ನೋಡಿ, “ಅಂಥದ್ದು ನಮಗೆ ಕೊಟ್ಟಿಲ್ಲ ಅಣ್ಣ” ಅಂದರು. ಸುಳ್ಳು ಹೇಳಿದಂತೆ ಕಾಣಲಿಲ್ಲ.

ಮೇಲಿನ ಕೊಂಡಿಗಳಿಗೆ ಮಾತ್ರ ಜೋಡಿ ಇದೆ, ಅದನ್ನು ಗಮನಿಸಿ. ಆಧಾರ್ ಪ್ರಾಧಿಕಾರಕ್ಕೆ ಬೆಂಗಳೂರಿನಲ್ಲಿ ಒಂದು, ಹರಿಯಾಣದ ಮಾನೇಸರದಲ್ಲಿ ಇನ್ನೊಂದು ದತ್ತಾಂಶ ಕೇಂದ್ರ ಇದೆ. ಒಂದು ಮುಳುಗಿದರೆ ಇನ್ನೊಂದು ಇರಲಿ ಅಂತ ಸಾವಿರಕ್ಕೂ ಹೆಚ್ಚು ಕಿಲೋಮೀಟರ್ ದೂರದಲ್ಲಿ ಇಟ್ಟಿದ್ದಾರೆ, ಒಳ್ಳೆಯದೇ. ಕೆಳಗೆ ನಮ್ಮ ಜಗಲಿಯಲ್ಲಿ ಒಂದು ಗಾಜು, ಒಂದು ಮಿಷನ್, ಒಂದು ಟವರ್. ಮೇಲೆ ಎಷ್ಟು ಜೋಡಿ ಇಟ್ಟರೂ ಕೆಳಗಿನ ಒಂಟಿ ಕೊಂಡಿ ಕಳಚಿದರೆ ಲೆಕ್ಕ ಮುಗಿಯಿತು. ಎರಡು ಸಿಮ್ ಕೊಟ್ಟರೂ, ಎರಡೂ ಒಂದೇ ಟವರಿನ ಒಂದೇ ಬ್ಯಾಟರಿ ಮೇಲೆ ನೇತಾಡುತ್ತಿದ್ದರೆ ಏರಿಯಾನ್ ಪೆಟ್ಟಿಗೆ ಕತೆಯೇ.

ಈಗ ಎದುರು ಮಾತಿಗೆ ಬರೋಣ. ‘ಪುಸ್ತಕ ಕೊಟ್ಟರೆ ಡೀಲರುಗಳು ತಿನ್ನುತ್ತಾರೆ. ದಿನಾ ಮಿಷನ್ ಕೆಟ್ಟಿದೆ ಅಂತ ಬರೆದು ಮೂಟೆ ಸಾಗಿಸುತ್ತಾರೆ.’ ಈ ಮಾತನ್ನು ತಳ್ಳಿಹಾಕುವ ಧೈರ್ಯ ನಮಗಿಲ್ಲ. ಮಿಷನ್ ಬರುವ ಮುಂಚೆ ಬೋಗಸ್ ಕಾರ್ಡು, ರಾತ್ರೋರಾತ್ರಿ ಲಾರಿ, ಎಲ್ಲವನ್ನೂ ನಮ್ಮವರೇ ವರದಿ ಮಾಡಿದ್ದಾರೆ. ಮಿಷನ್ನಿನಿಂದ ಅದಕ್ಕೆ ಕಡಿವಾಣ ಬಿದ್ದಿದೆ ಅನ್ನುವುದನ್ನೂ ಒಪ್ಪುತ್ತೇವೆ. ಮಿಷನ್ ತೆಗೆಯಿರಿ ಅಂತ ನಾವು ಕೇಳುತ್ತಿಲ್ಲ.

ಆದರೆ ಲೆಕ್ಕ ಹಾಕಿ. ಲೈನ್ ಇಲ್ಲದಾಗ ಪಟ್ಟಿ ನೋಡಿ ಕೊಟ್ಟರೆ ಆಗಬಹುದಾದ ಹೆಚ್ಚೆಂದರೆ ಎಷ್ಟು ಮೋಸ? ಒಂದು ಕಾರ್ಡಿನವರು ಎರಡು ಅಂಗಡಿಯಲ್ಲಿ ಒಂದೇ ತಿಂಗಳ ಅಕ್ಕಿ ಎತ್ತಬಹುದು. ಲೈನ್ ಬಂದ ಕೂಡಲೇ ಅದು ಗೊತ್ತಾಗುತ್ತದೆ, ಮುಂದಿನ ತಿಂಗಳಲ್ಲಿ ಹಿಡಿದುಕೊಳ್ಳಬಹುದು. ಡೀಲರ್ ಸುಳ್ಳು ಬರೆದರೆ? ಲೈನ್ ಯಾವಾಗ ಹೋಯಿತು, ಯಾವಾಗ ಬಂತು ಅನ್ನುವುದು ಮಿಷನ್ನಿನಲ್ಲೇ ದಾಖಲಾಗಬೇಕು. ಲೈನ್ ಇದ್ದ ಹೊತ್ತಿನಲ್ಲಿ ಪುಸ್ತಕದ ಅಕ್ಕಿ ಹೋಗಿದ್ದರೆ ಕಳ್ಳತನ ಕಣ್ಣಿಗೆ ಕಾಣುತ್ತದೆ. ಪಕ್ಕದ ಹತ್ತು ಅಂಗಡಿಯಲ್ಲಿ ಚಾಲೂ ಇದ್ದು ಒಂದರಲ್ಲಿ ಮಾತ್ರ ದಿನಾ ಕೆಟ್ಟರೆ ಅಲ್ಲಿಗೆ ಹೋಗಿ ನೋಡಿ. ನಷ್ಟಕ್ಕೆ ಮಿತಿ ಇದೆ, ವಸೂಲಿಗೆ ದಾರಿ ಇದೆ. ಅಜ್ಜಿ ಕಳೆದುಕೊಂಡ ಮೂರು ದಿನದ ಕೂಲಿಯನ್ನು ಯಾವ ತಿಂಗಳಲ್ಲಿ ವಸೂಲಿ ಮಾಡುತ್ತೀರಿ?

ಇನ್ನೊಂದು ಸಣ್ಣ ಸಂಗತಿ, ಆದರೆ ಕೆಲಸಕ್ಕೆ ಬರುವಂಥದ್ದು. ತ್ರೀ ಫೇಸ್ ಬಂದ ಕೂಡಲೇ ಊರಿನ ಆಟೋ ಸ್ಟಾರ್ಟರುಗಳೆಲ್ಲ ಒಟ್ಟಿಗೆ ಮೋಟರ್ ಎತ್ತಿ ಟಿಸಿ ಫ್ಯೂಸು ಹಾರುವುದನ್ನು ನೋಡಿದ್ದೀರಿ. ಅದಕ್ಕೇ ತಿಳಿದವರು ಟೈಮರ್ ಹಾಕಿಸಿ, ಒಬ್ಬರ ಮೋಟರ್ ಎರಡು ನಿಮಿಷಕ್ಕೆ, ಇನ್ನೊಬ್ಬರದು ಐದು ನಿಮಿಷಕ್ಕೆ ಏಳುವಂತೆ ಮಾಡುತ್ತಾರೆ. ಅಕ್ಕಿ ಮಿಷನ್ನಿನಲ್ಲೂ ಅದೇ ಕಾಯಿಲೆ. ಉತ್ತರ ತಡವಾದರೆ ಅಂಗಡಿಯವರು ಮತ್ತೆ ಒತ್ತುತ್ತಾರೆ, ಮತ್ತೆ ಒತ್ತುತ್ತಾರೆ. ಎಲ್ಲಾ ಊರಿನಲ್ಲೂ ಒತ್ತುತ್ತಾರೆ. ಮೊದಲೇ ಏದುಸಿರು ಬಿಡುತ್ತಿರುವ ಸರ್ವರಿನ ಮೇಲೆ ಹತ್ತರಷ್ಟು ಹೊರೆ ಬೀಳುತ್ತದೆ. ಮಿಷನ್ ತಾನೇ ಒಂದು ನಿಮಿಷ, ಆಮೇಲೆ ಎರಡು, ಆಮೇಲೆ ನಾಲ್ಕು ನಿಮಿಷ ಬಿಟ್ಟು ಕೇಳುವಂತೆ ಬರೆಯಬಹುದು. ಸಾಫ್ಟ್‌ವೇರ್ ಕಲಿಯುವ ಹುಡುಗರಿಗೆ ಕಾಲೇಜಿನಲ್ಲೇ ಹೇಳಿಕೊಡುವ ಪಾಠ ಇದು. ವಿತರಣೆಯನ್ನು ತಿಂಗಳ ಕೊನೆಯ ನಾಲ್ಕು ದಿನಕ್ಕೆ ತುರುಕದೆ ಹರಡಿದರೂ ಅರ್ಧ ಗೋಳು ಕಡಿಮೆಯಾಗುತ್ತದೆ, ಅದಕ್ಕೆ ಸಾಫ್ಟ್‌ವೇರೂ ಬೇಡ.

ಹಾಗಾದರೆ ಜೋಡಿಸಿದವರು ಯಾರು? ಅಜ್ಜಿಯ ಪ್ರಶ್ನೆಗೆ ವಾಪಸ್ ಬಂದೆವು. ಟೆಂಡರ್ ಕರೆದು, ಇಂತಿಂಥದ್ದು ತಂದು ಹೀಗೆ ಜೋಡಿಸಿ ಅಂತ ಸಹಿ ಹಾಕಿದವರು ಬೆಂಗಳೂರಿನಲ್ಲಿದ್ದಾರೆ, ದೆಹಲಿಯಲ್ಲಿದ್ದಾರೆ. ಸರ್ವರ್ ಇಲ್ಲ ಅಂದಾಗ ಇಲ್ಲದಿರುವುದು ಅವರು. ಮಿಷನ್ ಖರೀದಿಯ ಕಾಗದದಲ್ಲಿ ಎಷ್ಟು ಇಂಚು ಪರದೆ, ಎಷ್ಟು ಬ್ಯಾಟರಿ ಅಂತ ಬರೆಯುವವರು ಒಂದು ಪುಟದಲ್ಲಿ ಇದನ್ನೂ ಬರೆಯಲಿ: ಬೆರಳು ಹತ್ತದಿದ್ದರೆ ಏನು, ಸಿಮ್ ಹೋದರೆ ಏನು, ಇಲಾಖೆ ಕಂಪ್ಯೂಟರ್ ಮಲಗಿದರೆ ಏನು, ಆಧಾರಿನದು ಮಲಗಿದರೆ ಏನು. ಒಂದೊಂದಕ್ಕೂ ಎಷ್ಟು ನಿಮಿಷ ಕಾಯಬೇಕು, ಆಮೇಲೆ ಯಾವ ದಾರಿ, ಅಕ್ಕಿ ಕೊಡುವ ಜವಾಬ್ದಾರಿ ಯಾರದು. ಮಿಷನ್ ಒಪ್ಪಿಕೊಳ್ಳುವ ದಿನ ಒಬ್ಬ ಅಧಿಕಾರಿ ನಮ್ಮಂಥ ಒಂದು ಊರಿಗೆ ಬಂದು, ಸಿಮ್ ಕಿತ್ತು ಕೈಲಿ ಹಿಡಿದು, ‘ಈಗ ಅಕ್ಕಿ ಕೊಡಿ ನೋಡೋಣ’ ಅನ್ನಲಿ. ಕೊಟ್ಟರೆ ಬಿಲ್ಲಿಗೆ ಸಹಿ, ಇಲ್ಲದಿದ್ದರೆ ಮಿಷನ್ ವಾಪಸ್.

ಪರದೆ ಮೇಲೆ ಬರುವ ಮಾತನ್ನೂ ಬದಲಿಸಲಿ. ಸಿಮ್ ಹೋದರೆ ಸಿಮ್ ಹೋಗಿದೆ ಅಂತ, ಬೆರಳು ಹತ್ತದಿದ್ದರೆ ಬೆರಳು ಹತ್ತಿಲ್ಲ ಅಂತ ಕನ್ನಡದಲ್ಲಿ ಬರಲಿ. ಎಲ್ಲ ರೋಗಕ್ಕೂ ‘ಜ್ವರ’ ಅಂತ ಚೀಟಿ ಬರೆಯುವ ಡಾಕ್ಟರ ಹತ್ತಿರ ನೀವು ಎರಡನೇ ಸಲ ಹೋಗುವುದಿಲ್ಲ.

ಈ ತಿಂಗಳಿಂದ ನಾವು ಒಂದು ನೋಟ್‌ಬುಕ್ ಇಟ್ಟಿದ್ದೇವೆ. ನಮ್ಮ ಸುತ್ತಿನ ಅಂಗಡಿಗಳಲ್ಲಿ ಯಾವ ದಿನ, ಎಷ್ಟು ಗಂಟೆಗೆ ನಿಂತಿತು, ಎಷ್ಟಕ್ಕೆ ಬಂತು, ಪರದೆ ಮೇಲೆ ಏನು ಬಂದಿತ್ತು, ಎಷ್ಟು ಜನ ವಾಪಸ್ ಹೋದರು, ಇಷ್ಟೇ ಬರೆಯುತ್ತೇವೆ. ನೀವೂ ನಿಮ್ಮ ಊರಿನಲ್ಲಿ ಬರೆದಿಡಿ. ಪರದೆಯ ಫೋಟೋ ತೆಗೆದಿಡಿ, ಅಂಗಡಿಯವರ ಮುಖ ಬೇಡ. ಗ್ರಾಮಸಭೆಗೆ ಹೋಗುವಾಗ ಅದನ್ನು ಹಿಡಿದುಕೊಂಡು ಹೋಗಿ, ವಿನಾಯಿತಿ ಪುಸ್ತಕ ಎಲ್ಲಿದೆ ಅಂತ ಕೇಳಿ. ಉತ್ತರವನ್ನು ನಡಾವಳಿಯಲ್ಲಿ ಬರೆಸಿ. 8ನೇ ಕಲಮಿನ ಭತ್ಯೆ ಕೇಳಿ ಅರ್ಜಿ ಹಾಕಬೇಕು ಅನ್ನಿಸಿದರೆ ದಿನಾಂಕ ಸಮೇತ ಹಾಕಿ, ಸ್ವೀಕೃತಿ ಪಡೆದುಕೊಳ್ಳಿ.

ಅಜ್ಜಿಗೆ ನಾಲ್ಕನೇ ದಿನ ಅಕ್ಕಿ ಸಿಕ್ಕಿತು. ಮಧ್ಯಾಹ್ನ ಎರಡಾಗಿತ್ತು, ಆವತ್ತಿನ ಕೂಲಿಯೂ ಹೋಗಿತ್ತು. ಚೀಲ ತಲೆಗೆ ಎತ್ತಿಕೊಡುವಾಗ ನಮ್ಮನ್ನು ಕೇಳಿದರು: “ಸಿಕ್ಕಿದ್ನಾ ಅವ್ನು?” ನಾವು ಇನ್ನೂ ಹುಡುಕುತ್ತಿದ್ದೇವೆ ಅಂದೆವು.